ತುಂಗಾಬಾಯಿಯ ಬೇವು

ಹಾಡುವವನಿಗೆ ಗಂಟಲೇ ಕೈಕೊಟ್ಟರೆ ಇನ್ನೇನು ಉಳಿಯಿತು ಹೇಳಿ? ಅಡಿವೆಪ್ಪನಿಗೆ ಆದದ್ದು ಅದೇ.

ನದಿ ದಂಡೆಯ ಆಶ್ರಮದಲ್ಲಿ ಸಿದ್ರಾಮಬುವಾ ಅವರ ಹತ್ತಿರ ಹಾಡು ಕಲಿಯುತ್ತಿದ್ದ. ಎಂಥಾ ದನಿ ಅಂತೀರಿ! ಬಟ್ಟೆ ಒಗೆಯಲು ಬಂದವರು ಒಗೆಯುವುದನ್ನು ಬಿಟ್ಟು ಕೇಳುತ್ತ ನಿಲ್ಲುತ್ತಿದ್ದರು. ಒಂದು ಜ್ವರ ಬಂತು, ಹೋಗುವಾಗ ದನಿಯನ್ನೂ ಕರೆದುಕೊಂಡು ಹೋಯಿತು. ಮೇಲಿನ ಸ್ವರಕ್ಕೆ ಏರಿದರೆ ಸಾಕು, ಸೀಳು ಬಿಟ್ಟ ಮಡಕೆಯ ಸದ್ದು.

“ಕೆಳಗಿನ ಸ್ವರದಾಗ ಕೂತು ಸಾಧನಾ ಮಾಡು ತಮ್ಮಾ. ದನಿ ತಾನಾಗಿ ಬರ್ತೈತಿ,” ಅಂದರು ಬುವಾ.

“ಯಾವಾಗ ಬರ್ತೈತ್ರೀ?”

“ಅದಕ್ಕ ಬರಬೇಕನಿಸಿದಾಗ.”

ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು ಅವನಿಗೆ? ಹೊರಟೇಬಿಟ್ಟ. ಸಂಗೀತದ ಹುಚ್ಚಿನವರು ಹೋಗುವ ಊರು ಒಂದನ್ನೂ ಬಿಡಲಿಲ್ಲ. ಒಂದು ಕಡೆ ಯಾರೋ ಮಹಾ ಗಾಯಕರು ಮಿಂದ ಹೊಂಡದ ನೀರು ಕುಡಿದ. ಇನ್ನೊಂದು ಕಡೆ ಗುಡಿಯ ನಾದದ ಕಂಬಕ್ಕೆ ಗಂಟಲು ಒತ್ತಿಕೊಂಡು ನಿಂತ. ಮತ್ತೊಂದು ಊರಲ್ಲಿ ಹಳೇ ತಂಬೂರಿಯ ಧೂಳನ್ನು ನಾಲಿಗೆಗೆ ಹಚ್ಚಿಕೊಂಡ. ಹೊಟ್ಟೆ ಕೆಟ್ಟಿತೇ ಹೊರತು ದನಿ ಬರಲಿಲ್ಲ.

ತಿರುಗಿ ಬಂದು ಬುವಾ ಅವರ ಕಾಲು ಹಿಡಿದ.

“ಬುವಾ, ಒಂದೇ ಒಂದು ಜಾಗ ಉಳದೈತ್ರೀ. ತುಂಗಾಬಾಯಿಯವರ ಸಮಾಧಿ. ಅಲ್ಲಿ ಬೇವಿನ ಎಲಿ ತಿಂದವರಿಗೆ ಹೋದ ದನಿ ಬರ್ತೈತಂತ. ಇಲ್ಲೇ ಐತಲ್ಲ, ಯಾವಾಗರ ಹೋದರಾತು ಅಂತ ಬಿಟ್ಟಿದ್ದೆ.”

ತುಂಗಾಬಾಯಿ ಎಂದರೆ ಬುವಾ ಅವರಿಗೆ ಹಾಡು ಕಲಿಸಿದಾಕೆ.

“ನಾಳೆ ನಾನೂ ಹೊಂಟೀನಿ. ಬಾ,” ಅಂದರು ಬುವಾ.

ಬೆಳಗಾಗುತ್ತಲೇ ಬುವಾ ಒಂದು ಕೊಡ ನೀರು ತುಂಬಿ, ಬಾಯಿಗೆ ಅರಿವೆ ಬಿಗಿದು ಹೆಗಲಿಗೇರಿಸಿದರು. ಬೇಸಗೆ ಬಂತೆಂದರೆ ಹೀಗೆ ಕೊಡ ಹೊತ್ತು ಆಗಾಗ ಎಲ್ಲಿಗೋ ಹೋಗುವುದು ಅವರ ರೂಢಿ. ಎಲ್ಲಿಗೆ ಅಂತ ಅಡಿವೆಪ್ಪ ಒಮ್ಮೆಯೂ ಕೇಳಿರಲಿಲ್ಲ. ತನ್ನ ಗಂಟಲಿನ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು.

ಬಿಸಿಲು ಏರಿತು. ನಾಲಿಗೆ ಒಣಗಿ ಅಂಟಿಕೊಂಡಿತು.

“ಬುವಾ, ಒಂದು ಗುಟುಕು ನೀರು ಕೊಡ್ರೀ.”

“ಇದು ನಿನಗಲ್ಲ.”

“ನೀವರ ಕುಡೀರಿ. ಮುಖ ಬಾಡೈತಿ.”

“ನನಗೂ ಅಲ್ಲ.”

ಸಮಾಧಿಗೆ ಅಭಿಷೇಕಕ್ಕೆ ಇರಬೇಕು ಅಂದುಕೊಂಡ. ಅಂತೂ ಗುಡ್ಡ ಇಳಿದು ಆ ಬಯಲಿಗೆ ಬಂದರು. ಮುಂದೆ ಓಡಿದವನು ಗಕ್ಕನೆ ನಿಂತ.

ಮರವೇ ಇಲ್ಲ!

ಇದ್ದದ್ದು ಮೊಣಕಾಲೆತ್ತರದ ಒಂದು ಬೊಡ್ಡೆ. ಎಲೆ ತೀರಿದ ಮೇಲೆ ಕಡ್ಡಿ ಮುರಿದಿದ್ದರು, ಕಡ್ಡಿ ತೀರಿದ ಮೇಲೆ ತೊಗಟೆ ಕೆತ್ತಿದ್ದರು. ಸುತ್ತ ನೆಲ ಅಗೆದು ಕೈಗೆ ಸಿಕ್ಕ ಬೇರನ್ನೂ ಕೊಯ್ದು ಒಯ್ದಿದ್ದರು. ಪಕ್ಕದ ಬಾವಿ ಬತ್ತಿ ಬಾಯಿ ಬಿಟ್ಟಿತ್ತು.

“ಅಯ್ಯಯ್ಯೋ! ಯಾರ್ರೀ ಬುವಾ ಹಿಂಗ ಮಾಡಿದವರು?”

“ಹಾಡೋರು,” ಅಂದರು ಬುವಾ. ಕೊಡ ಇಳಿಸಿ, ಸಮಾಧಿಗೆ ಕೈಮುಗಿಯಲು ಆಚೆ ಬದಿಗೆ ಹೋದರು.

ಅಡಿವೆಪ್ಪನಿಗೆ ಅಳುವೇ ಬಂತು. ಬೊಡ್ಡೆಯ ಸುತ್ತ ಹುಚ್ಚನ ಹಾಗೆ ತಿರುಗಿದ. ಹಿಂದುಗಡೆ ಯಾರೋ ಮುಳ್ಳಿನ ಕಂಟಿ ಒಟ್ಟಿದ್ದರು. ಬಗ್ಗಿ ನೋಡಿದರೆ, ಒಳಗೆ ಒಂದು ಚಿಗುರು! ಗೇಣುದ್ದವೂ ಇಲ್ಲ, ಎಳೇ ಕೆಂಪು ಎಲೆ.

ಶಿವನೇ, ನನ್ನ ಪಾಲಿಗೆ ಅಂತಲೇ ಉಳಿಸಿದ್ದೀಯ! ಮುಳ್ಳು ಕಿತ್ತೆಸೆದ. ಅಂಗೈ ಹರಿದು ರಕ್ತ ಬಂದದ್ದೂ ತಿಳಿಯಲಿಲ್ಲ. ಚಿಗುರನ್ನು ಬುಡದಿಂದಲೇ ಕಿತ್ತು, ಬಾಯಿಗೆ ತುರುಕಿ, ಕಣ್ಣುಮುಚ್ಚಿ ಅಗಿದ.

ಕಣ್ಣು ಬಿಟ್ಟಾಗ ಎದುರಿಗೆ ಬುವಾ. ಕೈಯಲ್ಲಿ ಕೊಡ.

ಒಂದು ದಿನವೂ ದನಿ ಎತ್ತರಿಸಿದವರಲ್ಲ, ಈಗಲೂ ಎತ್ತರಿಸಲಿಲ್ಲ. ಕೊಡ ಹಿಡಿದೇ ನೆಲದ ಮೇಲೆ ಕೂತರು.

“ಮುಳ್ಳು ಹಚ್ಚಿದ್ದೆ,” ಅಂದರು.

ಅಡಿವೆಪ್ಪ ಬುವಾ ಅವರ ಹೆಗಲು ನೋಡಿದ. ಕೊಡ ಹೊತ್ತು ಹೊತ್ತು ಅಲ್ಲಿ ಚರ್ಮ ಕಪ್ಪಿಟ್ಟಿತ್ತು. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು.

“ಆ ನೀರು... ಇದಕ್ಕ ಏನ್ರೀ?”

ಬುವಾ ಕೊಡವನ್ನು ಬೊಡ್ಡೆಯ ಬುಡಕ್ಕೆ ಇಟ್ಟರು.

ಬಾಯಿ ತುಂಬ ಕಹಿ. ಉಗುಳಲೂ ಆಗದು, ನುಂಗಲೂ ಆಗದು.

“ಬುವಾ, ತುಂಗಾಬಾಯಿಯವರು... ಅವರೂ ಈ ಎಲಿ ತಿಂತಿದ್ದರಲ್ರೀ?”

“ಯಾರು ಹೇಳಿದರು?”

“ಎಲ್ಲಾರೂ ಹೇಳ್ತಾರ್ರೀ.”

“ಇದರ ನೆರಳಾಗ ಕೂತು ಹಾಡ್ತಿದ್ದರು. ಬಿಸಿಲು ಇಳಿಯೂತನಕ ಹಾಡ್ತಿದ್ದರು. ಅಷ್ಟ.”

ಅಡಿವೆಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದ. “ತಪ್ಪಾತ್ರೀ. ನನ್ನ ಬಾಯಾಗ ಮಣ್ಣು ಬೀಳಲಿ. ಹೊಡೀರಿ ನನ್ನ.”

ಬುವಾ ಹೊಡೆಯಲಿಲ್ಲ. ಕೊಡದ ಅರಿವೆ ಬಿಚ್ಚಿದರು. ಚಿಗುರು ಇದ್ದ ತೂತಿಗೆ ನಿಧಾನವಾಗಿ ನೀರು ಹೊಯ್ಯತೊಡಗಿದರು.

“ಅಲ್ಲೇನೂ ಉಳಿದಿಲ್ಲಲ್ರೀ ಬುವಾ!”

“ಹಾಡು.”

“ಆಂ?”

“ಹಾಡಾಕಂತ ತಿಂದಿ ಹೌದಿಲ್ಲೋ? ಹಾಡು.”

ಬಾಯಿ ತೆರೆದ. ಮೇಲಿನ ಸ್ವರ ಬರಲಿಲ್ಲ, ನಡುವಿನದೂ ಬರಲಿಲ್ಲ. ಎಲ್ಲೋ ಹೊಟ್ಟೆಯ ತಳದಿಂದ ಒಂದೇ ಸ್ವರ ನಡುಗುತ್ತ ಬಂದು, ಅಳುವಿನಲ್ಲಿ ಮುರಿಯಿತು. ನಿಲ್ಲಿಸಿಬಿಟ್ಟ.

ಬುವಾ ಕೊಡವನ್ನು ಪೂರ್ತಿ ಬಗ್ಗಿಸಿ, ಕಡೆಯ ಹನಿಯನ್ನೂ ಆ ತೂತಿಗೇ ಬಸಿದರು.

“ನಿಲ್ಲಸಬ್ಯಾಡ ತಮ್ಮಾ. ತನ್ನ ಕೂಸು ಯಾವ ಹಾಡಿನ ಸಲುವಾಗಿ ಹೋತು ಅಂತ, ಮಣ್ಣಾಗ ಉಳಿದ ಬೇರಾದರೂ ಕೇಳಲಿ.”