ಹುಳು ತಿಂದ ಪದ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಚಿಕ್ಕಾಜಮ್ಮಣ್ಣಿಯವರು ಮೂರು ಮಾತು ಓದ್ತಾರೆ. ಒಂದೊಂದರಲ್ಲೂ ಒಂದು ಪದ ಬಿಟ್ಟಿರ್ತಾರೆ. ನಾಲ್ಕು ಪದ ಕೊಡ್ತಾರೆ, ಸರಿಯಾದ್ದನ್ನ ಆರಿಸಿ ತುಂಬಬೇಕು. ಗೆದ್ದವನಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ. ಹೊಸ್ತಿಲು ದಾಟಿದ ಮೇಲೆ ಹಿಂದಕ್ಕೆ ಹೋಗೋ ಹಾಗಿಲ್ಲ!"

ಡಂಗುರ ಸಾರಿದ ವಾರದಲ್ಲೇ ಎರಡು ತಲೆ ಉರುಳಿದವು. ಎಲ್ಲರಿಗೂ ಓದುವುದು ಅವೇ ಮೂರು ಮಾತು. ಇಬ್ಬರೂ ಮೊದಲನೆಯದನ್ನೇ ದಾಟಲಿಲ್ಲ, ಅದು ಊರೆಲ್ಲ ಹಬ್ಬಿತು. 'ದೊರೆ ಕೈತುಂಬ ಕೊಟ್ಟ, ಆದರೂ ಜನ ಅವನನ್ನು ...... ಎಂದರು.' ಪದಗಳು ದಾನಿ, ದೇವರು, ಪುಣ್ಯವಂತ, ಜಿಪುಣ. ಎದುರಿಗೆ ದೊರೆಯೇ ಕೂತಿರುವಾಗ ಜಿಪುಣ ಎನ್ನಲು ಯಾರಿಗೆ ನಾಲಿಗೆ ಹೊರಳುತ್ತದೆ? ಒಬ್ಬ ದಾನಿ ಎಂದ, ಇನ್ನೊಬ್ಬ ದೇವರು ಎಂದ. ಹೊಗಳುಭಟರ ಹಣೆಬರಹವೇ ಅಷ್ಟು.

ಊರಲ್ಲಿ ಬೊಮ್ಮಣ್ಣ ಎಂಬ ಬಡವನಿದ್ದ. ಹುಳು ತಿಂದ ಓಲೆಗರಿಗಳನ್ನು ನಕಲು ಮಾಡುವುದು ಅವನ ಕಸುಬು. ತೂತು ಬಿದ್ದಲ್ಲಿ ಹಿಂದುಮುಂದಿನ ಮಾತು ಓದಿ, ಹೋದ ಪದ ಯಾವುದೆಂದು ತಾನೇ ಯೋಚಿಸಿಕೊಂಡು, ಆಮೇಲೆ ಬೇರೆ ಪ್ರತಿ ನೋಡುತ್ತಿದ್ದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯ ಸೋವಣ್ಣ ಅವನನ್ನು ಅರಮನೆಗೆ ಹೊರಡಿಸಿದ.

"ನನಗೇನೋ ಜಿಪುಣ ಅನ್ನಿಸ್ತದೆ ಕಣೋ" ಎಂದ ಬೊಮ್ಮಣ್ಣ.

"ಹುಚ್ಚಪ್ಪ! ಸಭೆಯ ಬಾಗಿಲು ಕಾಯೋನು ನನ್ನ ಕಿವೀಲಿ ಹೇಳಿದ್ದಾನೆ, ಪುಣ್ಯವಂತ ಅಂತ. ಧೈರ್ಯವಾಗಿ ಹೋಗು, ನಿನ್ನ ಹಿಂದೇನೇ ನಾನಿರ್ತೀನಿ."

ಗೆಳೆಯನ ಮಾತಿನ ಮುಂದೆ ತನ್ನ ಬುದ್ಧಿ ಏನು ಮಹಾ ಎಂದುಕೊಂಡು ಬೊಮ್ಮಣ್ಣ ಹೊಸ್ತಿಲು ದಾಟಿದ. ದಾಟಿದವನು ಕಾವಲುಗಾರನಿಗೆ ಕೈಮುಗಿದು, "ನಿಮ್ಮಿಂದ ಉಪಕಾರವಾಯ್ತಣ್ಣ" ಎಂದ. ಕಾವಲುಗಾರ ಬಾಯಿ ತೆರೆದು ತೋರಿಸಿ, ಇಲ್ಲವೆಂದು ಕೈಯಾಡಿಸಿದ. ಅವನು ಹುಟ್ಟು ಮೂಗ.

ಬೊಮ್ಮಣ್ಣ ತಿರುಗಿ ನೋಡಿದ. ಸರದಿಯಲ್ಲಿ ಅವನ ಹಿಂದೆಯೇ ನಿಂತ ಸೋವಣ್ಣ ನೆಲ ನೋಡುತ್ತಿದ್ದ. ಉಳಿದದ್ದು ಎರಡೇ ಪದ. ಒಂದನ್ನು ಬೊಮ್ಮಣ್ಣನ ತಲೆ ಕೊಟ್ಟು ಪರೀಕ್ಷಿಸಿದರೆ ಇನ್ನೊಂದು ಸೋವಣ್ಣನಿಗೆ! ಅಳು ಉಕ್ಕಿ ಬಂತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ರಾಜಕುಮಾರಿ ಮೊದಲ ಮಾತು ಓದಿದಳು.

"ಜಿಪುಣ" ಎಂದ ಬೊಮ್ಮಣ್ಣ. "ದೊರೆಗಳು ಕ್ಷಮಿಸಬೇಕು. 'ಆದರೂ' ಅಂದ ಮೇಲೆ ಮಾತು ತಿರುಗಿಬಿಡ್ತದೆ. ಕೊಟ್ಟವನನ್ನ ಹೊಗಳಿದರು ಅನ್ನೋದಾದರೆ 'ಆದರೂ' ಯಾಕೆ ಬೇಕು?"

ದೊರೆ ಮೀಸೆಯಡಿ ನಕ್ಕ. ರಾಜಕುಮಾರಿ ಎರಡನೆಯದನ್ನು ಓದಿದಳು. "'ಉಪ್ಪಿಗೆ ಹುಳು ಹತ್ತದು, ಹಾಗೆಯೇ ತುಕ್ಕು ಹತ್ತದ ಲೋಹ ......' ಕಬ್ಬಿಣ, ಉಕ್ಕು, ತಗಡು, ಜಾತರೂಪ."

"ಜಾತರೂಪ ಅಂದರೇನೋ ನನಗೆ ತಿಳೀದು ತಾಯಿ. ಆದರೆ ಮಿಕ್ಕ ಮೂರೂ ತುಕ್ಕು ಹಿಡಿಯೋವೇ. ಅವನ್ನ ಬಿಟ್ಟರೆ ಉಳಿಯೋದು ಅದೊಂದೇ."

"ಅದು ಚಿನ್ನದ ಹೆಸರು. ಸರಿ. ಈಗ ಕೊನೆಯದು. 'ಹಗೆ ಬಾಗಿಲು ಒಡೆದು ಬಂತು. ಮೋಸ ಮಾತ್ರ ......ಯ ಕೈಹಿಡಿದು, ಮನೆಯವರಿಂದಲೇ ಆರತಿ ಎತ್ತಿಸಿಕೊಂಡು ಬಂತು.' ಪದಗಳು—"

"ಪದ ಓದೋದು ಬೇಡ ತಾಯಿ. ನಂಬಿಕೆ."

"ಓದುವ ಮುಂಚೆಯೇ ಹೇಗೆ ತಿಳಿಯಿತು?"

"ಒಡೆಯದೆ ಒಳಗೆ ಬರಬೇಕಾದರೆ ನಾವೇ ಬಾಗಿಲು ತೆರೀಬೇಕು. ನಂಬದೆ ಯಾರು ತೆರೀತಾರೆ? ಈ ಹೊತ್ತು ನಾನೇ ಗೆಳೆಯನಿಗೆ ತೆರೆದುಕೊಟ್ಟು ಬಂದೆ." ಬೊಮ್ಮಣ್ಣ ನಡೆದದ್ದೆಲ್ಲ ಹೇಳಿದ.

ಸೋವಣ್ಣನನ್ನು ಭಟರು ಹಿಡಿದು ತಂದರು. ದೊರೆ ಕೆಂಡವಾಗಿ, "ಇವನ ತಲೆ ತೆಗೆಸಲೇ?" ಎಂದ.

"ಬೇಡಿ ಮಹಾಪ್ರಭು. ಇವರಮ್ಮ ನನಗೂ ತುತ್ತು ಇಟ್ಟವರು."

ಸೋವಣ್ಣ ಹಲ್ಲುಗಿಂಜುತ್ತ ಅಪ್ಪಿಕೊಳ್ಳಲು ಬಂದ. ಬೊಮ್ಮಣ್ಣ ಹಿಂದೆ ಸರಿದ.

"ತಲೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದರೆ ಕೊಡ್ತಿದ್ದೆನೇನೋ ಸೋವಣ್ಣ. ಅಷ್ಟು ನಂಬಿದ್ದೆ ನಿನ್ನ."

ಮದುವೆ ಅದೇ ತಿಂಗಳು ನಡೆಯಿತು, ಅರ್ಧ ರಾಜ್ಯವೂ ಬಂತು. ಯಾರು ಏನೇ ಹೇಳಿದರೂ ಬೊಮ್ಮಣ್ಣ ಇನ್ನೊಬ್ಬರನ್ನು ಕೇಳಿ ನೋಡುತ್ತಿದ್ದ, ಕೈಹಿಡಿದ ಹೆಂಡತಿ ಹೇಳಿದರೂ.