ತಿಪ್ಪವ್ವ ಮಾಡಿದ ಮಣ್ಣಿನ ಆಕಾಶ

ಬಹಳ ಹಿಂದೆ, ಯಾರ ಮುತ್ತಜ್ಜನಿಗೂ ಇಸವಿ ಗೊತ್ತಿಲ್ಲದ ಕಾಲದಲ್ಲಿ, ಒಂದು ಊರಿತ್ತಂತೆ. ಯಾವುದೋ ಊರು ಯಾಕೆ, ಈ ನಮ್ಮ ಊರೇ. ಇಲ್ಲಿ ಕುಂಬಾರ ತಿಪ್ಪವ್ವ ಅಂತ ಒಬ್ಬಾಕೆ ಇದ್ದಳಂತೆ. ಗಡಿಗೆ ತಿರುಗಿಸುವ ಚಕ್ರ, ತಿಗರಿ, ಅದನ್ನು ಹೆಂಗಸು ಮುಟ್ಟಬಾರದು ಅನ್ನುತ್ತಿದ್ದ ಕಾಲ. ಗಂಡ ಸತ್ತ ಮೇಲೆ ಅವಳು ಮುಟ್ಟಿದಳು, ತಿರುಗಿಸಿದಳು, ಮೂರು ಮಕ್ಕಳನ್ನು ಸಾಕಿದಳು. ಊರು ಮೂಗು ಮುರಿಯಿತು. ಗಡಿಗೆ ಮಾತ್ರ ಅವಳದೇ ಬೇಕಿತ್ತು ನೋಡಿ.

ಗಡಿಗೆ ಸುಡುವ ಆವಿಗೆಗೆ ಬೆಂಕಿ ಹಾಕಿದ ರಾತ್ರಿ ಮಲಗುವ ಹಾಗಿಲ್ಲ. ಅವಳು ಮೇಲೆ ನೋಡುತ್ತ ಕೂರುತ್ತಿದ್ದಳಂತೆ. ನೋಡಿ ನೋಡಿ ಹೊಳೆಯಿತಂತೆ: ಆಕಾಶಗಂಗೆ ಹೊಳೆಯಲ್ಲ, ಚುಕ್ಕಿಗಳು ಸುರುಳಿ ಸುತ್ತಿಕೊಂಡ ತಿಗರಿ. ತಿಗರಿಯೊಳಗೇ ಕೂತ ಇರುವೆಗೆ ಅದು ಗುಂಡಗೆ ಕಾಣುವುದಿಲ್ಲ, ಸುತ್ತಲೂ ಪಟ್ಟಿಯಾಗಿ ಕಾಣುತ್ತದೆ. ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಅಂದಮೇಲೆ ನಾವು ನಡುವೆ ಇಲ್ಲ, ಬದಿಯಲ್ಲಿದ್ದೇವೆ. ಚಳಿ ಶುರುವಾದಾಗ ಆಕಾಶದಲ್ಲಿ ಬೂದಿ ಒರೆಸಿದಂತೆ ಕಾಣುವ ಮಬ್ಬು ನೆರೆಮನೆಯ ತಿಗರಿ, ಇಂಥದೇ ಇನ್ನೊಂದು ಚುಕ್ಕಿಗಳ ಸುರುಳಿ. ಅಷ್ಟು ದೂರದಿಂದಲೂ ಕಾಣುತ್ತದೆಂದರೆ ನಮ್ಮದಕ್ಕಿಂತ ದೊಡ್ಡದೇ ಇರಬೇಕು.

ಆಗ ಊರ ಗೌಡ ಹೊಸ ಚಾವಡಿ ಕಟ್ಟಿಸಿದನಂತೆ. ಗೋಡೆಗೆ ಮಣ್ಣಿನ ಆಕಾಶ ಮಾಡಿಕೊಡು, ನಟ್ಟನಡುವೆ ನಮ್ಮ ಊರಿರಲಿ, ತಪ್ಪಿದರೆ ಕೆರೆಯ ಮಣ್ಣು ಮುಟ್ಟಬೇಡ ಎಂದು ಹೇಳಿಕಳಿಸಿದನಂತೆ. ಮಣ್ಣಿಲ್ಲದೆ ಕುಂಬಾರ್ತಿ ಬದುಕುವುದು ಹೇಗೆ?

ತಿಪ್ಪವ್ವ ಮಾಡಿದಳಂತೆ. ಎರಡು ದೊಡ್ಡ ಸುರುಳಿ, ದೂರದಲ್ಲಿ ಚಿಕ್ಕದೊಂದು, ಸುತ್ತ ಕೋಳಿಮರಿಗಳಂತೆ ಹತ್ತಾರು ಪುಡಿ ಮಬ್ಬು. ನಮ್ಮ ಸುರುಳಿಯ ಬದಿಯಲ್ಲಿ ಉಗುರಿನಿಂದ ಒತ್ತಿದ ಒಂದು ಚುಕ್ಕೆ, ಅದೇ ನಾವು.

ಚುಕ್ಕೆಯನ್ನು ನಡುವಿಗೆ ತಾ ಅಂದನಂತೆ ಗೌಡ.

"ಗಡಿಗಿ ಸೊಟ್ಟ ಮಾಡಂದ್ರ ಮಾಡಿಕೊಡ್ತೀನ್ರಿ ಗೌಡ್ರ. ಇದು ಇದ್ದಲ್ಲೇ ಐತ್ರಿ, ಸರಸಾಕ ನನಗ ಬರೂದಿಲ್ಲ."

ಮುಂದಿನದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಕಾಶವನ್ನು ಅಂಗಳಕ್ಕೆ ಎಸೆದು ಒಡೆದರಂತೆ. ಕೆರೆಗೆ ಕಾವಲು ಹಾಕಿದರಂತೆ. ಚಾವಡಿ ತುಂಬ ಗಂಡಸರು, ಹೆಂಗಸರು, ಎಲ್ಲರ ಮನೆಯಲ್ಲೂ ಅವಳದೇ ಗಡಿಗೆ, ಒಬ್ಬರೂ ತುಟಿ ಬಿಚ್ಚಲಿಲ್ಲವಂತೆ. ಮಕ್ಕಳನ್ನೂ ತಿಗರಿಯನ್ನೂ ಗಾಡಿಗೆ ಹಾಕಿಕೊಂಡು ಹೋದವಳು ಮತ್ತೆ ಬರಲಿಲ್ಲ. ಅವಳನ್ನು ಊರು ಬಿಡಿಸಿದವರು ಬೇರೆ ಯಾರೂ ಅಲ್ಲ, ನಾವು ದಿನಾ ಕೈಮುಗಿಯುವ ಹಿರೀಕರು.

ಎಷ್ಟೋ ಕಾಲದ ಮೇಲೆ ಯಾರೋ ದುರ್ಬೀನು ಹಿಡಿದು ಬಂದು ನಾವು ನಡುವೆ ಇಲ್ಲ, ಬದಿಯಲ್ಲಿದ್ದೇವೆ ಎಂದು ಅವಳ ಮಾತನ್ನೇ ಹೇಳಿದಾಗ ಇದೇ ಊರು ತಲೆದೂಗಿತಂತೆ.

ಇವತ್ತಿಗೂ ನಮ್ಮ ಚಾವಡಿಯ ನಡುವೆ ಯಾರೂ ಕೂರುವುದಿಲ್ಲ. ಮಂತ್ರಿ ಬರಲಿ, ಸ್ವಾಮಿ ಬರಲಿ, ಚಾಪೆ ಹಾಸುವುದು ಗೋಡೆ ಬದಿಗೆ. ತಿಳಿಯದೆ ನಡುವೆ ಕೂತವರನ್ನು ನಮ್ಮ ಹೆಂಗಸರೇ ಎದ್ದು ಬಂದು ಏಳಿಸುತ್ತಾರೆ. ಆ ದಿನ ಒಬ್ಬಳಾದರೂ ಎದ್ದಿದ್ದರೆ ಸಾಕಿತ್ತು.