ಹಸು ಹಾಕಿದ ಗೆರೆ

ಹೆತ್ತವಳಿಗೆ ಮುದ್ದು, ಊರಿಗೆ ಪೆದ್ದು, ಹೀಗೊಬ್ಬ ಬೋರಲಿಂಗ ಇದ್ದ. ತಾಯಿ ಹೊನ್ನಾಜಮ್ಮ ಪ್ರವಾಸಿ ಮಂದಿರದ ತೋಟದ ಮಾಲಿ. ಮಂಡಿ ಸವೆದು, ಇನ್ನು ಕೂತು ಕಳೆ ಕೀಳಲಾರೆ ಎನಿಸಿದಾಗ ಓವರ್‌ಸಿಯರ್ ಪರಶಿವಪ್ಪನವರನ್ನು ಕಂಡು, ನನ್ನ ಕೆಲಸ ಮಗನಿಗೆ ಕೊಡಿ ಎಂದಳು. ಹುಲ್ಲುಹಾಸಿನ ಸುತ್ತ ಇಟ್ಟಿಗೆಯ ಅಂಚು ಕಟ್ಟಲಿ, ಒದ್ದರೂ ಅಲ್ಲಾಡಬಾರದು, ಆಮೇಲೆ ನೋಡೋಣ ಎಂದರು ಅವರು.

"ಮೊದಲು ಇಟ್ಟಿಗೆಗೆ ನೀರು ಕುಡಿಸಪ್ಪ" ಎಂದಳು ತಾಯಿ. ಸಂಜೆ ಬಂದು ನೋಡಿದರೆ ಮಗ ಲೋಟ ಹಿಡಿದು ಇಟ್ಟಿಗೆಗಳ ಮುಂದೆ ಕೂತಿದ್ದಾನೆ.

"ಒಂದೂ ಬಾಯಿ ಬಿಡ್ತಿಲ್ಲ ಕಣವ್ವ. ಮುನಿಸಿಕೊಂಡಿರಬೇಕು."

ತಾಯಿ ಹಣೆ ಚಚ್ಚಿಕೊಂಡಳು. ತೊಟ್ಟಿಯಲ್ಲಿ ಮುಳುಗಿಸಬೇಕು ಕಣೋ, ಗುಳ್ಳೆ ನಿಲ್ಲೋವರೆಗೂ ಎತ್ತಬಾರದು ಎಂದು ಬೈದು ಹೇಳಿಕೊಟ್ಟಳು.

ಮರುದಿನ ಸಿಮೆಂಟು ಬಂತು. ಬೋರಲಿಂಗ ಮೂಟೆಯನ್ನು ತೊಟ್ಟಿಯಲ್ಲಿ ಮುಳುಗಿಸಿದ. ಗುಳ್ಳೆ ನಿಲ್ಲೋವರೆಗೂ ಎತ್ತಲಿಲ್ಲ. ನಿಂತ ಮೇಲೆ ಎತ್ತಲಾಗಲಿಲ್ಲ. ಮೂಟೆ ಕಲ್ಲಾಗಿ ಈಗಲೂ ಅಲ್ಲೇ ಇದೆ. ಬಟ್ಟೆ ಒಗೆಯಲು ಅನುಕೂಲ ಎಂದು ಮಂದಿರದ ಅಡುಗೆಯವನ ಅಭಿಪ್ರಾಯ.

ತಾಯಿ ಬೈದು, ಅತ್ತು, ಹೊಸ ಮೂಟೆ ತರಿಸಿದಳು. "ನೀನು ತಲೆ ಓಡಿಸಬೇಡ ಮಗಾ. ಗೂಟಕ್ಕೆ ದಾರ ಕಟ್ಟು. ದಾರ ಎಲ್ಲಿಗೆ ಹೋಗುತ್ತೋ ಇಟ್ಟಿಗೆ ಅಲ್ಲಿಗೆ ಹೋಗಬೇಕು. ಅಷ್ಟೇ."

ಗೂಟ ಕಣ್ಣೆದುರಿಗೇ ಇತ್ತು. ಅದಕ್ಕೆ ಪರಶಿವಪ್ಪನವರ ಹಸುವನ್ನು ಮೇಯಲು ಕಟ್ಟಿದ್ದರು. ಬೋರಲಿಂಗ ದಾರದ ಉಂಡೆಯ ತುದಿಯನ್ನು ಅದಕ್ಕೇ ಬಿಗಿದ. ಹಸು ಗೂಟ ಕಿತ್ತುಕೊಂಡು ಹೊರಟಿತು. ಗೂಟದ ಹಿಂದೆ ದಾರ ಹೊರಟಿತು. ದಾರದ ಹಿಂದೆ ಇಟ್ಟಿಗೆ ಹೊರಟಿತು. ಗೇಟು ದಾಟಿತು, ರಸ್ತೆ ದಾಟಿತು (ಅಲ್ಲಿ ಬಸ್ಸುಗಳ ವೇಗ ತಗ್ಗಿದ್ದನ್ನು ಊರವರು ಮೆಚ್ಚಿಕೊಂಡಿದ್ದಾರೆ), ಎದುರಿಗಿದ್ದ ಪರಶಿವಪ್ಪನವರ ಹಿತ್ತಲು ಹೊಕ್ಕಿತು, ಮಲ್ಲಿಗೆ ಮಡಿಗೆ ಒಂದು ಸುತ್ತು ಹಾಕಿ ಕೊಟ್ಟಿಗೆಯಲ್ಲಿ ನಿಂತಿತು.

ಗಾರೆ ಒಣಗಿದ ಮೇಲೆ ಪರಶಿವಪ್ಪ ಒದ್ದು ನೋಡಿದರು. ಇಟ್ಟಿಗೆ ಅಲ್ಲಾಡಲಿಲ್ಲ. ಕಾಲು ಊದಿತು. ಹೊನ್ನಾಜಮ್ಮ ಕೆಲಸದ ಆಸೆ ಬಿಟ್ಟು ಮಗನ ಕೈ ಹಿಡಿದು ಹೊರಟಳು. ಆದರೆ ಮಲ್ಲಿಗೆ ಮಡಿಗೆ ಅಂಚು ಕಟ್ಟಿಸಿ ಎಂದು ಗಂಡನನ್ನು ಕೇಳಿ ಕೇಳಿ ಸೋತಿದ್ದ ಪರಶಿವಪ್ಪನವರ ಹೆಂಡತಿ, ಇಂಥ ಹುಡುಗನನ್ನು ಬಿಡಬೇಡಿ ಎಂದರು. ಮನೆಯಲ್ಲಿ ಓವರ್‌ಸಿಯರ್ ಆಕೆಯೇ. ಕೆಲಸ ಸಿಕ್ಕಿತು. ಹೊನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಸರಿ, ಹುಲ್ಲುಹಾಸಿನ ಸುತ್ತ ಯಾವಾಗ ಕಟ್ತೀಯ?" ಕಾಲು ನೀವಿಕೊಳ್ಳುತ್ತ ಪರಶಿವಪ್ಪ ಕೇಳಿದರು.

ಬೋರಲಿಂಗ ಕೊಟ್ಟಿಗೆಯ ಕಡೆ ನೋಡಿದ.

"ಹಸುವನ್ನ ಕೇಳಿ ಹೇಳ್ತೀನಿ ಸಾರ್."